ನಾಲ್ಕು ವರ್ಷದ ಓದಿಗೆ ಇಪ್ಪತ್ತು ವರ್ಷದ ಕಂತು

ಮಾದರಿ ಫ್ಲ್ಯಾಟಿನ ಮಲಗುವ ಕೋಣೆಗೆ ಎಷ್ಟೋ ಕಡೆ ಬಾಗಿಲು ಕೂರಿಸಿರುವುದಿಲ್ಲ. ಬಾಗಿಲಿದ್ದರೆ ಅದು ತೆರೆದುಕೊಳ್ಳಲು ಜಾಗ ಬೇಕು, ಅಷ್ಟು ಜಾಗ ಹೋದರೆ ಕೋಣೆ ಕಿರಿದಾಗಿ ಕಾಣುತ್ತದೆ. ಮಂಚವೂ ಮಾಮೂಲಿ ಅಳತೆಗಿಂತ ಒಂದು ಗೇಣು ಗಿಡ್ಡ. ಸಿ.ಇ.ಟಿ. ಫಲಿತಾಂಶದ ಆಸುಪಾಸಿನ ಯಾವ ಭಾನುವಾರವಾದರೂ ಬೆಂಗಳೂರಿನ ಹೊರವಲಯದ ಸೈಟ್ ಆಫೀಸೊಂದರ ಮುಂದೆ ನಿಂತರೆ ಕೆಎ-17, ಕೆಎ-13, ಕೆಎ-14 ನಂಬರಿನ ಕಾರುಗಳು ಬಂದು ನಿಲ್ಲುವುದು ಕಾಣುತ್ತದೆ. ಅಪ್ಪ ಒಳಗೆ ಹೋಗಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹಾಲ್ ಅಳೆಯುತ್ತಾರೆ. ಅಮ್ಮ ಯುಟಿಲಿಟಿಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ಮಾದರಿ ಫ್ಲ್ಯಾಟು, ನೀರು ಬರುವುದಿಲ್ಲ. "ನೀರು ಎಲ್ಲಿಂದಪ್ಪಾ?" ಎಂದು ಕೇಳಿದರೆ ಟೈ ಕಟ್ಟಿದ ಹುಡುಗ "ಬೋರ್ ಇದೆ ಮೇಡಂ, ಕಾವೇರಿನೂ ಇನ್ನೇನು ಬಂದ್ಬಿಡುತ್ತೆ" ಎನ್ನುತ್ತಾನೆ. ಮನೆ ಯಾರಿಗಾಗಿಯೋ ಆ ಮಗಳು ಹೊರಗೆ ಸೋಫಾದಲ್ಲಿ ಕೂತು ಫೋನಿನಲ್ಲಿ ಹೋದ ವರ್ಷದ ಕಟ್-ಆಫ್ ನೋಡುತ್ತಿರುತ್ತಾಳೆ. ರ‍್ಯಾಂಕ್ ಬಂದಿದೆ. ಸೀಟು ಯಾವ ಕಾಲೇಜಿನಲ್ಲಿ ಎಂಬುದು ಇನ್ನೂ ಗೊತ್ತಿಲ್ಲ.

ಅಪ್ಪ-ಅಮ್ಮ ಹೇಳುವ ತರ್ಕ ಸರಳ. ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ಪಿ.ಜಿ.ಗೆ ಸುರಿಯುವ ಬದಲು ಅದನ್ನೇ ಕಂತಿಗೆ ಕಟ್ಟಿದರೆ ಒಂದು ಆಸ್ತಿಯಾದರೂ ಆಗುತ್ತದೆ. ಓದು ಮುಗಿದ ಮೇಲೆ ಮಾರಿದರೆ ಓದಿನ ಖರ್ಚೂ ಹುಟ್ಟುತ್ತದೆ. ಮದುವೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಈ ಮಾತು ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ಆದರೆ ಇದರಲ್ಲಿ ಒಂದು ಪುಟ್ಟ ಕಣ್ಕಟ್ಟಿದೆ. ಮಗಳು ನಾಲ್ಕು ವರ್ಷ ಎಲ್ಲಿರಬೇಕು ಎಂಬುದು ಒಂದು ಪ್ರಶ್ನೆ. ಮನೆಯವರ ಇಪ್ಪತ್ತೈದು ವರ್ಷದ ಉಳಿತಾಯ ಎಲ್ಲಿರಬೇಕು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕೊಡುವ ಅವಸರದಲ್ಲಿ ಎರಡನೆಯದನ್ನು ಯಾರೂ ಕೇಳಿಕೊಳ್ಳುವುದೇ ಇಲ್ಲ. ಎರಡಕ್ಕೂ ಸೇರಿಸಿ ಒಂದೇ ಚೆಕ್ಕು ಹರಿಯುತ್ತಾರೆ.

ಹಾಗೆಂದು ಅವರ ಆತಂಕವನ್ನು ಹಗುರ ಮಾಡುವಂತಿಲ್ಲ. ಹತ್ತಡಿಗೆ ಹತ್ತಡಿ ಕೋಣೆಯಲ್ಲಿ ಮೂರು ಮಂಚ, ಹಾಸಿಗೆಯ ಪಕ್ಕದಲ್ಲೇ ಒಣಗುವ ಬಟ್ಟೆ, ಬೆಳಿಗ್ಗೆ ಏಳಕ್ಕೆ ಸ್ನಾನಕ್ಕೆ ಸಾಲು, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ, ಸಾರಿನಲ್ಲಿ ಬೇಳೆ ಹುಡುಕುವ ಪಾಡು: ಪಿ.ಜಿ. ನೋಡಿ ಬಂದ ತಾಯಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. 2024ರ ಜುಲೈನಲ್ಲಿ ಕೋರಮಂಗಲದ ಪಿ.ಜಿ.ಯೊಂದಕ್ಕೆ ನುಗ್ಗಿ ಯುವತಿಯೊಬ್ಬಳನ್ನು ಕೊಂದ ಪ್ರಕರಣವಂತೂ ರಾಜ್ಯದ ಎಲ್ಲ ಊರುಗಳ ಹಾಲ್‌ಗಳಲ್ಲಿ ಟಿ.ವಿ. ಮುಂದೆ ಕೂತವರನ್ನು ನಡುಗಿಸಿತು. ಆಮೇಲೆ ಬಿಬಿಎಂಪಿ ಪಿ.ಜಿ.ಗಳಿಗೆ ನಿಯಮ ಬಿಗಿ ಮಾಡಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ಸಿ.ಸಿ. ಕ್ಯಾಮೆರಾ ಎಂದೆಲ್ಲ ಹೇಳಿತು. ನಿಯಮ ಬಂದ ಮಾತ್ರಕ್ಕೆ ತಾಯಿಯ ಭಯ ಹೋಗುವುದಿಲ್ಲ. ಫ್ಲ್ಯಾಟಿನ ಮಾತು ಹುಟ್ಟುವುದು ಹೆಚ್ಚಾಗಿ ಈ ಭಯದಿಂದ, ಲಾಭದ ಆಸೆ ಆಮೇಲೆ ಬಂದು ಕೂಡಿಕೊಳ್ಳುತ್ತದೆ.

ಊರು ಬಿಟ್ಟು ಓದುವವರ ಅನ್ನ-ನೆಲೆಯ ವಿಷಯಕ್ಕೆ ಕನ್ನಡ ನಾಡಿನಲ್ಲಿ ಒಂದು ಉದ್ದದ ಚರಿತ್ರೆ ಇದೆ. ಒಂದು ಕಾಲಕ್ಕೆ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯ ಪಂಕ್ತಿ. ಬಳಿಕ ಮಠಗಳ ಪ್ರಸಾದ ನಿಲಯಗಳು, ಜಾತಿ ಸಂಘಗಳ ಉಚಿತ ಹಾಸ್ಟೆಲುಗಳು, ಸರ್ಕಾರದ ಬಿ.ಸಿ.ಎಂ. ಹಾಸ್ಟೆಲುಗಳು. ಗೌರಿಬಿದನೂರು ಕಡೆಯ ಹೊಸೂರಿನಿಂದ ಓದಲು ಬೆಂಗಳೂರಿಗೆ ನಡೆದೇ ಬಂದ ಎಚ್. ನರಸಿಂಹಯ್ಯನವರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ಪದ್ಮಭೂಷಣರಾದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯನ್ನು ಮಾತ್ರ ಬಿಡಲಿಲ್ಲ. ಎಲ್ಲರೂ ಅವರಂತಿರಲಿ ಎಂದರೆ ತಮಾಷೆಯಾದೀತು. ವಿಷಯ ಇಷ್ಟೇ: ಓದುವ ಮಗುವಿಗೆ ನೆಲೆ ಕೊಡುವುದು ಊರಿನ, ಸಂಘದ, ಕಾಲೇಜಿನ ಹೊಣೆ ಎಂದಿದ್ದದ್ದು ಒಂದೆರಡು ತಲೆಮಾರಿನಲ್ಲಿ ಅಪ್ಪನ ಪ್ರಾವಿಡೆಂಟ್ ಫಂಡಿನ ಹೊಣೆಯಾಗಿಬಿಟ್ಟಿದೆ. ಖಾಸಗಿ ಕಾಲೇಜುಗಳು ಸೀಟು ಹೆಚ್ಚಿಸಿಕೊಂಡಷ್ಟು ವೇಗದಲ್ಲಿ ಹಾಸ್ಟೆಲ್ ಕೋಣೆ ಕಟ್ಟಲಿಲ್ಲ. ಆ ಕೊರತೆಯನ್ನು ಈಗ ಮಧ್ಯಮ ವರ್ಗದ ಸಂಸಾರಗಳು ಬ್ಯಾಂಕಿನಲ್ಲಿ ಸಾಲ ಎತ್ತಿ ತುಂಬಿಕೊಡುತ್ತಿವೆ.

ಸಾಲದ ಮಾತು ಬಂದ ಮೇಲೆ ಪೆನ್ನು ಹಿಡಿಯಲೇಬೇಕು.

ದಾವಣಗೆರೆಯ ಹೈಸ್ಕೂಲು ಮೇಷ್ಟ್ರೊಬ್ಬರು 70 ಲಕ್ಷದ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಳ್ಳುತ್ತಾರೆ ಎನ್ನಿ. ವ್ಯಕ್ತಿ ಕಲ್ಪಿತ, ಲೆಕ್ಕ ಮಾತ್ರ ನಿಜವಾದದ್ದು. ಕರ್ನಾಟಕದ ನಗರಗಳಲ್ಲಿ 45 ಲಕ್ಷ ದಾಟಿದ ಆಸ್ತಿಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಸೇರಿ ಶೇ 5.6. ಶೇ 1ರಷ್ಟಿದ್ದ ನೋಂದಣಿ ಶುಲ್ಕವನ್ನು ಸರ್ಕಾರ 2025ರ ಆಗಸ್ಟ್ 31ರಿಂದ ಶೇ 2 ಮಾಡಿದೆ. ಅಲ್ಲಿಗೆ ಶೇ 7.6, ಅಂದರೆ 5 ಲಕ್ಷದ 32 ಸಾವಿರ ರೂಪಾಯಿ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಹೋಯಿತು. (ನೋಂದಣಿ ಇಲಾಖೆಯ ತಂತ್ರಾಂಶದ ಹೆಸರೂ ಕಾವೇರಿಯೇ. ಈ ಕಾವೇರಿ ತಡ ಮಾಡುವುದಿಲ್ಲ.) ಕಟ್ಟುತ್ತಿರುವ ಫ್ಲ್ಯಾಟಾದರೆ ಶೇ 5 ಜಿ.ಎಸ್.ಟಿ. ಬೇರೆ, ಓ.ಸಿ. (ಸ್ವಾಧೀನಾನುಭವ ಪತ್ರ) ಪಡೆದ, ಸಿದ್ಧವಾದ ಮನೆಗೆ ಅದಿಲ್ಲ, ಆದ್ದರಿಂದ ಅದನ್ನು ಬಿಡೋಣ. ಬೀರು, ಅಡುಗೆಮನೆಯ ಕಪಾಟು, ಫ್ಯಾನು, ಗೀಸರು, ಕಿಟಕಿಗೆ ಸೊಳ್ಳೆ ಪರದೆ, ಗೃಹಪ್ರವೇಶದ ಊಟ ಎಲ್ಲ ಸೇರಿ 5 ಲಕ್ಷ. ಒಟ್ಟು 80 ಲಕ್ಷದ ಮಾತು. ಕೈಯಿಂದ 30 ಲಕ್ಷ, ಬ್ಯಾಂಕಿನಿಂದ 50 ಲಕ್ಷ.

ಶೇ 8 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು 41,822 ರೂಪಾಯಿ. ಇಪ್ಪತ್ತು ವರ್ಷದಲ್ಲಿ ಕಟ್ಟುವುದು ಒಂದು ಕೋಟಿ ದಾಟುತ್ತದೆ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು ಮೊದಲ ನಾಲ್ಕು ವರ್ಷದ ಕಥೆ. ಮಗಳು ಮೊದಲ ಸೆಮಿಸ್ಟರಿನಿಂದ ಎಂಟನೆಯದಕ್ಕೆ ಬರುವ ಹೊತ್ತಿಗೆ ಮೇಷ್ಟ್ರು 20 ಲಕ್ಷಕ್ಕೂ ಹೆಚ್ಚು ಕಂತು ಕಟ್ಟಿರುತ್ತಾರೆ. ಅಸಲು ಎಷ್ಟು ತೀರಿತು ಎಂದು ಬ್ಯಾಂಕಿಗೆ ಹೋಗಿ ಕೇಳಿದರೆ 4 ಲಕ್ಷದ 78 ಸಾವಿರ. ಉಳಿದ 15 ಲಕ್ಷ ಬಡ್ಡಿ. ಬಾಡಿಗೆ ಎಂದರೆ ನೀರಿಗೆ ಸುರಿದಂತೆ ಎನ್ನುವವರು ಈ ಬಡ್ಡಿಯನ್ನು ಎಲ್ಲಿಗೆ ಸುರಿದಂತೆ ಎನ್ನುತ್ತಾರೋ.

ಇದಕ್ಕೆ ಅಸೋಸಿಯೇಷನ್ನಿಗೆ ತಿಂಗಳಿಗೆ ನಾಲ್ಕು ಸಾವಿರದಂತೆ ಮೇಂಟೆನೆನ್ಸ್ ಸೇರಿಸಬೇಕು. ನಾಲ್ಕು ವರ್ಷಕ್ಕೆ 1.92 ಲಕ್ಷ. ಕೈಯಿಂದ ಹಾಕಿದ 30 ಲಕ್ಷವನ್ನು ಶೇ 7ರ ಠೇವಣಿಯಲ್ಲಿ ಇಟ್ಟಿದ್ದರೂ 9 ಲಕ್ಷದ ಮೇಲೆ ಬಡ್ಡಿ ಬರುತ್ತಿತ್ತು, ಅದೂ ಖರ್ಚೇ. ನೋಂದಣಿಯ 5.32, ಒಳಾಂಗಣದ 5 ಲಕ್ಷವೂ ಸೇರಿದರೆ ನಾಲ್ಕು ವರ್ಷದ ವಾಸದ ಬೆಲೆ ಸುಮಾರು 37 ಲಕ್ಷ. ಊಟ ಬೇರೆ. ತಿಂಗಳಿಗೆ 12 ಸಾವಿರದ ಪಿ.ಜಿ.ಯಲ್ಲಿದ್ದರೆ ಊಟವೂ ಸೇರಿ 5.76 ಲಕ್ಷ. ಅದೇ ಫ್ಲ್ಯಾಟನ್ನು 22 ಸಾವಿರಕ್ಕೆ ಇಡಿಯಾಗಿ ಬಾಡಿಗೆಗೆ ಹಿಡಿದರೆ 10.56 ಲಕ್ಷ, ಇಬ್ಬರು ಗೆಳತಿಯರು ಜೊತೆಗೂಡಿದರೆ ಅದರ ಮೂರರಲ್ಲೊಂದು ಪಾಲು.

ಪಿ.ಜಿ.ಯ ಎದುರು ಈ ಫ್ಲ್ಯಾಟು ಬರೀ ನಷ್ಟವಿಲ್ಲದೆ ಪಾರಾಗಬೇಕಾದರೂ ನಾಲ್ಕನೇ ವರ್ಷದ ಕೊನೆಗೆ ಅದು 1 ಕೋಟಿಗೆ ಮಾರಾಟವಾಗಬೇಕು. ಅಂದರೆ ವರ್ಷಕ್ಕೆ ಶೇ 9ರಿಂದ 10ರಂತೆ, ಒಂದು ವರ್ಷವೂ ತಪ್ಪದೆ ಬೆಲೆ ಏರುತ್ತಿರಬೇಕು. ಮಾರುವಾಗ ಬ್ರೋಕರಿಗೆ ಕೊಡುವುದು, ಲಾಭದ ಮೇಲೆ ಶೇ 12.5 ತೆರಿಗೆ ಇವನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಬೆಂಗಳೂರಿನಲ್ಲಿ ಅಷ್ಟು ಏರಿದ ಬಡಾವಣೆಗಳು ಇಲ್ಲವೆಂದಲ್ಲ, ಇವೆ. 2021ರ ನಂತರ ಕೊಂಡ ಕೆಲವರು ನಿಜಕ್ಕೂ ಅದೃಷ್ಟವಂತರು. 2013-14ರ ಸುಮಾರಿಗೆ ಕೊಂಡು ಏಳೆಂಟು ವರ್ಷ ಹೆಚ್ಚುಕಡಿಮೆ ಅದೇ ಬೆಲೆಯನ್ನು ನೋಡುತ್ತ ಕೂತವರೂ ಇದೇ ಊರಿನಲ್ಲಿದ್ದಾರೆ. ಅವರು ಮದುವೆ ಮನೆಗಳಲ್ಲಿ ಆ ಮಾತು ಎತ್ತುವುದಿಲ್ಲ, ಅಷ್ಟೇ.

ಈ ಲೆಕ್ಕವೂ ಉದಾರವಾಗಿಯೇ ಹಾಕಿದ್ದು. ಹದಿನೆಂಟು ವರ್ಷದ ಮಗಳಿರುವ ಮೇಷ್ಟ್ರಿಗೆ ಐವತ್ತರ ಆಸುಪಾಸು ವಯಸ್ಸು. ನಿವೃತ್ತಿ ಅರವತ್ತಕ್ಕೆ. ಬ್ಯಾಂಕು ಸಾಮಾನ್ಯವಾಗಿ ಕಂತನ್ನು ಸಂಬಳ ನಿಲ್ಲುವ ದಿನಕ್ಕೆ ಹೊಂದಿಸಿ ಕೂರಿಸುತ್ತದೆ. ಅದೇ 50 ಲಕ್ಷ ಹತ್ತೇ ವರ್ಷದಲ್ಲಿ ತೀರಬೇಕೆಂದರೆ ಕಂತು 60 ಸಾವಿರ ದಾಟುತ್ತದೆ. ಮ್ಯಾನೇಜರು ಇದಕ್ಕೊಂದು ದಾರಿ ತೋರಿಸುತ್ತಾರೆ: "ಮಗಳನ್ನೇ ಸಹಸಾಲಗಾರರನ್ನಾಗಿ ಮಾಡೋಣ ಸರ್, ನಾಳೆ ಕೆಲಸ ಸಿಕ್ಕಿದ ಮೇಲೆ ಅವರೇ ಕಟ್ಟಿಕೊಂಡು ಹೋಗ್ತಾರೆ." ಅಲ್ಲಿಗೆ ಮಗಳಿಗೆ ಕೊಟ್ಟ ಮನೆ ಮಗಳಿಗೆ ಹೊರಿಸಿದ ಸಾಲವಾಯಿತು. ಶಿಕ್ಷಣ ಸಾಲಕ್ಕೆ ಹೋಲಿಸಿದರೆ ಇದರ ವಿಚಿತ್ರ ಇನ್ನೂ ಚೆನ್ನಾಗಿ ಕಾಣುತ್ತದೆ. ಶಿಕ್ಷಣ ಸಾಲದ ಕಂತು ಓದು ಮುಗಿದು ಕೆಲಸ ಹುಡುಕಲು ಬಿಡುವು ಕೊಟ್ಟು ಶುರುವಾಗುತ್ತದೆ; ಏಳೂವರೆ ಲಕ್ಷದವರೆಗೆ ಅಡಮಾನವನ್ನೂ ಕೇಳದಿರುವ ವ್ಯವಸ್ಥೆ ಇದೆ. ಮನೆ ಸಾಲ ಮುಂದಿನ ತಿಂಗಳಿನಿಂದಲೇ, ದುಡಿಮೆಯ ಕೊನೆಯ ದಶಕದಲ್ಲಿರುವವರ ಹೆಗಲ ಮೇಲೆ. ಎಷ್ಟೋ ಮನೆಗಳಲ್ಲಿ ಫ್ಲ್ಯಾಟಿಗೆ ಉಳಿತಾಯ ಖಾಲಿ ಮಾಡಿ, ಮೂರನೇ ವರ್ಷ ಮಗಳು ಜರ್ಮನಿಯಲ್ಲಿ ಎಂ.ಎಸ್. ಮಾಡುತ್ತೇನೆಂದಾಗ ಮತ್ತೆ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. ಓದಿಗೆಂದು ಕೊಂಡ ಮನೆ ಓದಿಗೇ ಅಡ್ಡ ಬಂದು ನಿಲ್ಲುತ್ತದೆ.

ಇಷ್ಟಿದ್ದರೂ ಜನ ಕೊಳ್ಳುವುದೇಕೆ? ಪೆದ್ದುತನದಿಂದಲ್ಲ, ನೆನಪಿನಿಂದ. ಪ್ರತಿ ಕುಟುಂಬದಲ್ಲೂ ವಿಜಯನಗರದಲ್ಲೋ ಬನಶಂಕರಿಯಲ್ಲೋ ಯಾವುದೋ ಕಾಲದಲ್ಲಿ ಮೂವತ್ತು-ನಲವತ್ತರ ಸೈಟು ಮಾಡಿಕೊಂಡ ಒಬ್ಬ ದೊಡ್ಡಪ್ಪ ಇರುತ್ತಾರೆ. ಬಿ.ಡಿ.ಎ. ಅರ್ಜಿ ಹಾಕಿ ಹತ್ತು ವರ್ಷ ಕಾದು ಪಡೆದ ಆ ಸೈಟು ಅವರ ಇಬ್ಬರು ಮಕ್ಕಳ ಮದುವೆ ಮಾಡಿತು, ಮೇಲಿನ ಮಹಡಿಯ ಬಾಡಿಗೆ ವೃದ್ಧಾಪ್ಯಕ್ಕೆ ಆಯಿತು. ಆ ಕಥೆ ಸುಳ್ಳಲ್ಲ. ಆದರೆ ಬೆಳೆದದ್ದು ನೆಲ, ಗೋಡೆಯಲ್ಲ. ಫ್ಲ್ಯಾಟಿನಲ್ಲಿ ನೆಲ ಎಷ್ಟು? ಕ್ರಯಪತ್ರದಲ್ಲಿ ಯು.ಡಿ.ಎಸ್., ಅಂದರೆ ಅವಿಭಜಿತ ಪಾಲು ಎಂದು ಬರೆದಿರುತ್ತಾರೆ. 1,100 ಚದರ ಅಡಿಯ ಮನೆಗೆ ಆ ಪಾಲು ಹಲವೆಡೆ ಅದರ ಅರ್ಧವೂ ಇರುವುದಿಲ್ಲ, ಕಟ್ಟಡ ಎತ್ತರವಾದಷ್ಟೂ ಇನ್ನೂ ಕುಗ್ಗುತ್ತದೆ. 1,100 ಎಂಬುದೂ ಸೂಪರ್ ಬಿಲ್ಟ್-ಅಪ್. ಮೆಟ್ಟಿಲು, ಲಿಫ್ಟು, ಲಾಬಿ ಕಳೆದು ಕಾಲಿಡಲು ಸಿಗುವ ಕಾರ್ಪೆಟ್ ಏರಿಯಾ 800ರ ಸುಮಾರು. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಹೇಳಿಯೇ ಮಾರಬೇಕೆಂದು ಕಟ್ಟುಮಾಡಿದ್ದು ಸುಮ್ಮನೆ ಅಲ್ಲ. ದೊಡ್ಡಪ್ಪನ ಸೈಟಿನ ನೆನಪಿನಲ್ಲಿ ಏಳನೇ ಮಹಡಿಯ ಗೋಡೆಗಳನ್ನು ಕೊಳ್ಳುವವರು ಭೂಮಿಯ ಲಾಭವನ್ನು ಸಿಮೆಂಟಿನಿಂದ ನಿರೀಕ್ಷಿಸುತ್ತಾರೆ.

ಮರುಮಾರಾಟದ ದಿನ ಇದು ತಿಳಿಯುತ್ತದೆ. ನಾಲ್ಕು ವರ್ಷದ ಹಳೆ ಫ್ಲ್ಯಾಟನ್ನು ಮಾರಲು ಹೊರಟ ಮೇಷ್ಟ್ರಿಗೆ ಎದುರಾಳಿ ಪಕ್ಕದ ಮನೆಯವರಲ್ಲ, ಎದುರು ರಸ್ತೆಯಲ್ಲಿ ಹೊಸ ಟವರ್ ಕಟ್ಟುತ್ತಿರುವ ಬಿಲ್ಡರು. ಅವನಿಗೆ ಜಾಹೀರಾತಿದೆ, ಈಜುಕೊಳವಿದೆ, ಮಾದರಿ ಫ್ಲ್ಯಾಟಿದೆ. ಮೇಷ್ಟ್ರಿಗೆ ಇರುವುದು ಬ್ರೋಕರ್ ಮತ್ತು ವಾಟ್ಸ್‌ಆ್ಯಪ್ ಗುಂಪು.

ಇನ್ನು ಸ್ಥಳದ ಮಾತು. ಸಿ.ಇ.ಟಿ. ಸೀಟು ಹಂಚಿಕೆಯ ಸುತ್ತುಗಳು ಮುಗಿಯುವ ಹೊತ್ತಿಗೆ ಆಗಸ್ಟ್, ಕೆಲವೊಮ್ಮೆ ಸೆಪ್ಟೆಂಬರ್. ಮೊದಲ ಸುತ್ತಿನಲ್ಲಿ ಯಲಹಂಕದ ಕಾಲೇಜು ಸಿಕ್ಕವಳಿಗೆ ಎರಡನೇ ಸುತ್ತಿನಲ್ಲಿ ಕುಮಾರಸ್ವಾಮಿ ಬಡಾವಣೆಯದು ಸಿಗಬಹುದು. ನಡುವೆ ಇಡೀ ಬೆಂಗಳೂರು ಮಲಗಿದೆ; ಸಂಜೆಯ ಟ್ರಾಫಿಕ್ಕಿನಲ್ಲಿ ಅದು ಎರಡು ಗಂಟೆಯ ದಾರಿ. ಮೇ ತಿಂಗಳಲ್ಲೇ ಮುಂಗಡ ಕೊಟ್ಟ ಅಪ್ಪ ಕಾಲೇಜಿನ ಹತ್ತಿರ ಮನೆ ಮಾಡಿದ್ದಲ್ಲ, ಮನೆಯ ಹತ್ತಿರ ಕಾಲೇಜು ಬೀಳಲಿ ಎಂದು ಹರಕೆ ಹೊತ್ತದ್ದು. "ಮೆಟ್ರೊ ಬರ್ತಿದೆ ಸರ್" ಎಂಬ ಸಮಾಧಾನ ಎಲ್ಲ ಸೈಟ್ ಆಫೀಸುಗಳಲ್ಲೂ ಸಿಗುತ್ತದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಹಲವು ಗಡುವುಗಳನ್ನು ದಾಟಿ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಅದನ್ನು ನಂಬಿ ಎಲೆಕ್ಟ್ರಾನಿಕ್ ಸಿಟಿ ಕಡೆ ಮನೆ ಮಾಡಿದವರ ಮಗ 2020ರಲ್ಲಿ ಕಾಲೇಜು ಸೇರಿದ್ದರೆ, ರೈಲು ಹೊರಡುವಷ್ಟರಲ್ಲಿ ಅವನು ಪದವಿ ಮುಗಿಸಿ ವರ್ಷವಾಗಿರುತ್ತಿತ್ತು.

ಓದುವವರನ್ನೇ ನಂಬಿ ಬೆಳೆದ ಊರುಗಳ ಕಥೆ ಇನ್ನೂ ನಾಜೂಕು. ಮಣಿಪಾಲದಲ್ಲಿ, ಮಂಗಳೂರಿನ ಆಚೆ ದೇರಳಕಟ್ಟೆಯಲ್ಲಿ, ಎಂ.ಬಿ.ಬಿ.ಎಸ್. ಓದುವ ಮಕ್ಕಳಿಗೆಂದು ಕೇರಳದವರು, ಗಲ್ಫಿನಲ್ಲಿರುವವರು ಫ್ಲ್ಯಾಟು ಕೊಳ್ಳುವುದು ಹಳೆಯ ರೂಢಿ. ವೈದ್ಯಕೀಯ ಓದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಮುಂದೆ ಸ್ನಾತಕೋತ್ತರ ಸೀಟೂ ಅಲ್ಲೇ ಸಿಕ್ಕರೆ ಎಂಟೂವರೆ. ಹಾಗಾಗಿ ಅಲ್ಲಿನ ಲೆಕ್ಕ ಎಂಜಿನಿಯರಿಂಗ್‌ಗಿಂತ ಕೊಂಚ ಮೇಲು. ಆದರೆ 2020ರ ಮಾರ್ಚಿನಲ್ಲಿ ತರಗತಿಗಳು ನಿಂತು ಮಕ್ಕಳೆಲ್ಲ ಊರಿಗೆ ಹೊರಟಾಗ ಅಂಥ ಊರುಗಳಲ್ಲಿ ಬಾಲ್ಕನಿಗಳೇ ಕತ್ತಲಾದವು. ಬಾಡಿಗೆ ನಿಂತಿತು, ಮೇಂಟೆನೆನ್ಸ್ ನಿಲ್ಲಲಿಲ್ಲ. ರಾಜಸ್ಥಾನದ ಕೋಟಾದಲ್ಲಂತೂ ಮಹಾಮಾರಿಯೂ ಬೇಕಾಗಲಿಲ್ಲ. ಎರಡು ಲಕ್ಷ ದಾಟಿದ್ದ ಕೋಚಿಂಗ್ ವಿದ್ಯಾರ್ಥಿಗಳ ಸಂಖ್ಯೆ 2024ರ ಹೊತ್ತಿಗೆ ಅರ್ಧದಷ್ಟಕ್ಕೆ ಕುಸಿಯಿತು. ಕೋಚಿಂಗ್ ಸಂಸ್ಥೆಗಳು ಪಟನಾ, ಲಖನೌ ಮೊದಲಾದ ಊರುಗಳಲ್ಲೇ ಶಾಖೆ ತೆರೆದಿದ್ದವು, ಹದಿನಾರು ದಾಟದ ಮಕ್ಕಳನ್ನು ಸೇರಿಸಿಕೊಳ್ಳಬಾರದೆಂದು ಕೇಂದ್ರದ ಮಾರ್ಗಸೂಚಿ ಬಂದಿತ್ತು, ವಿದ್ಯಾರ್ಥಿಗಳ ಆತ್ಮಹತ್ಯೆಯ ಸುದ್ದಿಗಳು ತಂದೆತಾಯಂದಿರನ್ನು ಹೆದರಿಸಿದ್ದವು. ಸಾಲ ಮಾಡಿ ಹಾಸ್ಟೆಲು ಕಟ್ಟಿದವರು ಬಾಡಿಗೆಯನ್ನು ಅರ್ಧಕ್ಕಿಳಿಸಿ ಕಾಯುತ್ತ ಕೂತರು.

ಬೆಂಗಳೂರು ಕೋಟಾ ಅಲ್ಲ, ಇಲ್ಲಿ ಕೆಲಸವಿದೆ, ಬಾಡಿಗೆದಾರರು ಸಿಕ್ಕೇ ಸಿಗುತ್ತಾರೆ ಎಂಬ ಮಾತು ನಿಜ. ಅದಕ್ಕೇ ಬೆಂಗಳೂರಿನ ಮನೆ ಮುಳುಗುವುದಿಲ್ಲ. ಆದರೆ ತೇಲಿದರೂ ಎಷ್ಟು ಎತ್ತರ ಎಂದು ನೋಡಬೇಕು. 70 ಲಕ್ಷದ ಮನೆಗೆ 22 ಸಾವಿರ ಬಾಡಿಗೆ ಎಂದರೆ ವರ್ಷಕ್ಕೆ ಶೇ 3.8ಕ್ಕೂ ಕಡಿಮೆ. ಅಂಚೆ ಕಚೇರಿಯ ಪಿ.ಪಿ.ಎಫ್. 2020ರ ಏಪ್ರಿಲಿನಿಂದ ಶೇ 7.1 ಕೊಡುತ್ತಲೇ ಇದೆ, ಅದಕ್ಕೆ ಪ್ಲಂಬರು ಬೇಕಿಲ್ಲ. ಮಗಳು ಕೆಲಸ ಹಿಡಿದು ಪುಣೆಗೋ ಹೈದರಾಬಾದಿಗೋ ಹೋದ ಮೇಲೆ, ಬಾತ್‌ರೂಮಿನ ಸೋರಿಕೆ ಕೆಳಗಿನ ಮನೆಯ ಚಾವಣಿಗಿಳಿದಾಗ, ದಾವಣಗೆರೆಯಿಂದ 260 ಕಿಲೋಮೀಟರು ಬಂದು ನಿಲ್ಲಬೇಕಾದವರು ಮೇಷ್ಟ್ರೇ.

ನೀರಿನ ಪ್ರಶ್ನೆ ಕೇಳಿದ ಅಮ್ಮನಿಗೆ ಟೈ ಕಟ್ಟಿದ ಹುಡುಗ ಪೂರ್ತಿ ಸುಳ್ಳು ಹೇಳಿರಲಿಲ್ಲ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿದೆ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಅದು. ಆದರೆ ಅದೇ ವರ್ಷದ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಕೈಮೀರಿ, 12 ಸಾವಿರ ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ ಒಂದು ಸಾವಿರ ರೂಪಾಯಿ ಎಂದು ಜಿಲ್ಲಾಡಳಿತವೇ ಬೆಲೆ ಕಟ್ಟಬೇಕಾಗಿ ಬಂದಿತ್ತು. ನೀರಿನ ಗತಿ ತಿಳಿಯಬೇಕಾದರೆ ಒಂದು ಬೇಸಿಗೆಯಾದರೂ ಆ ಕಟ್ಟಡದಲ್ಲಿ ಕಳೆಯಬೇಕು. ಕಾಗದಪತ್ರದ ಗತಿಯೂ ಅಷ್ಟೇ. ಓ.ಸಿ. ಇಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು; ಅದರ ಬಿಸಿ ತಟ್ಟಿದ್ದು ಆಗಲೇ ದುಡ್ಡು ಕೊಟ್ಟು ಕಾಯುತ್ತಿದ್ದವರಿಗೆ. ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಇದೆಲ್ಲ ಒಳ್ಳೆಯದೇ. ಆದರೆ ಕಾಲೇಜು ಶುರುವಾಗುವುದರೊಳಗೆ ಮನೆ ಆಗಬೇಕು ಎಂಬ ಗಡುವು ಹಾಕಿಕೊಂಡು ಬಂದವರಿಗೆ ಮೂಲ ಪತ್ರ, ಇ.ಸಿ. (ಋಣಭಾರ ಪತ್ರ) ಓದಿಸಲು ವಕೀಲರ ಬಳಿ ಹೋಗಲೂ ಪುರುಸೊತ್ತಿರುವುದಿಲ್ಲ. ಬಿಲ್ಡರಿಗೆ ಇದು ಗೊತ್ತು. ಆಗಸ್ಟಿಗೆ ಮನೆ ಬೇಕೆನ್ನುವವರು ಬೆಲೆ ಎಳೆದಾಡುವುದಿಲ್ಲ.

ಮನೆ ಯಾರ ಹೆಸರಿಗೆ ಎಂಬುದು ಸೈಟ್ ಆಫೀಸಿನಲ್ಲಿ ಬುಕಿಂಗ್ ಫಾರಂ ತುಂಬುವಾಗ ಎರಡು ನಿಮಿಷದಲ್ಲಿ ತೀರ್ಮಾನವಾಗುವ ವಿಷಯ. "ಅವಳಿಗೋಸ್ಕರ ತಾನೆ ತಗೊಳ್ತಿರೋದು, ಅವಳ ಹೆಸರಿಗೇ ಇರಲಿ ರೀ" ಎನ್ನುತ್ತಾರೆ ಅಮ್ಮ. ಪಿ.ಯು. ಮುಗಿಸಿದ ಹೊತ್ತಿಗೆ ಮಗುವಿಗೆ ಹದಿನೆಂಟು ತುಂಬಿರಬೇಕೆಂದೇನಿಲ್ಲ. ಅಪ್ರಾಪ್ತರ ಹೆಸರಿಗೆ ಬಂದ ಸ್ಥಿರಾಸ್ತಿಯನ್ನು, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯಂತೆ, ಹೆತ್ತವರೇ ಆದರೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ತುಂಬಿದ್ದರೆ ಇನ್ನೊಂದು ತೊಡಕು: ಅಪ್ಪನ ಜೀವಮಾನದ ಗಳಿಕೆಯ ಬಹುಪಾಲು ಹದಿನೆಂಟರ ಹುಡುಗಿಯ ಹೆಸರಿನಲ್ಲಿದೆ, ಅಪ್ಪ-ಅಮ್ಮನ ಆಸ್ಪತ್ರೆ ಖರ್ಚಿಗೆ ಬೇಕಾದಾಗ ಸಹಿ ಅವಳದು ಬೇಕು.

ಮನೆಯಲ್ಲಿ ಇನ್ನೊಂದು ಮಗುವಿದ್ದರೆ ಅದು ಯಾರೂ ಬಾಯಿಬಿಡದ ಪ್ರಶ್ನೆ. ಅಕ್ಕನಿಗೆ ಬೆಂಗಳೂರಿನಲ್ಲಿ ಫ್ಲ್ಯಾಟು. ಊರಿನಲ್ಲೇ ಡಿಪ್ಲೊಮಾ ಓದುತ್ತಿರುವ ತಮ್ಮನಿಗೆ? ಹೆಚ್ಚು ಮನೆಗಳಲ್ಲಿ ಇದು ತಿರುವುಮುರುವು: ಮಗನ ಓದಿಗೆ ಫ್ಲ್ಯಾಟು, ಮಗಳಿಗೆ "ಮದುವೆಗೆ ಕೊಡ್ತೀವಲ್ಲ" ಎಂಬ ಮಾತು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿದೆ. ಅಪ್ಪನ ಸ್ವಂತ ಗಳಿಕೆ ಅವರಿಷ್ಟ, ಕಾನೂನು ತಡೆಯುವುದಿಲ್ಲ. ಆದರೆ ಪಿತ್ರಾರ್ಜಿತ ಹೊಲ ಮಾರಿದ ದುಡ್ಡು ಫ್ಲ್ಯಾಟಿಗೆ ಸೇರಿದ್ದರೆ ಕಥೆ ಬೇರೆ. ಪಾಲುಪಟ್ಟಿಯೇ ಇಲ್ಲದ ಒಂದು ಪಾಲು ಹೀಗೆ ಆಗಿಹೋಗುತ್ತದೆ, ಹದಿನೈದು ವರ್ಷ ಕಳೆದು ಯಾವುದೋ ತಿಥಿಯ ಊಟ ಮುಗಿದ ಮೇಲೆ ಅದರ ಮಾತು ಮೇಲೆದ್ದು ಬರುತ್ತದೆ.

ಕೊಳ್ಳುವುದಕ್ಕೂ ಪಿ.ಜಿ.ಗೂ ನಡುವೆ ಬೆಂಗಳೂರಿನವರು ಮೊದಲಿನಿಂದ ಬಳಸಿಬಂದ ಒಂದು ದಾರಿ ಇದೆ: ಭೋಗ್ಯ, ಈಗಿನ ಬಾಯಲ್ಲಿ ಲೀಸು. ಒಂದು ಇಡಿಗಂಟು ಕೊಟ್ಟರೆ ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟು ವಾಪಸು. ಕೈಯಲ್ಲಿ 30 ಲಕ್ಷವಿರುವ ಮೇಷ್ಟ್ರಿಗೆ ಇದು ಕೊಳ್ಳುವುದಕ್ಕಿಂತ ಎಷ್ಟೋ ಹಗುರ. ಸಾಲವಿಲ್ಲ, ನೋಂದಣಿಯ ಐದು ಲಕ್ಷವಿಲ್ಲ. ಅಪಾಯ ಇಲ್ಲವೆಂದಲ್ಲ. ಮನೆ ಮಾಲೀಕರಿಂದ ಬಾಡಿಗೆಗೆ ಪಡೆದು ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಗಂಟಿನೊಂದಿಗೆ ಪರಾರಿಯಾಗುವ ಮಧ್ಯವರ್ತಿಗಳು ನಗರದ ಪೊಲೀಸ್ ಠಾಣೆಗಳಿಗೆ ಹೊಸಬರಲ್ಲ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಭೋಗ್ಯದಾರ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಹನ್ನೊಂದು ತಿಂಗಳ ಕರಾರಿನ ಛಾಪಾ ಕಾಗದ ನಂಬದೆ, ಇ.ಸಿ. ತೆಗೆಸಿ, ಮಾಲೀಕರ ಕೈಗೇ ಬ್ಯಾಂಕ್ ಮೂಲಕ ಹಣ ಕೊಟ್ಟು, ಕರಾರನ್ನು ನೋಂದಾಯಿಸಿಕೊಂಡವರು ಹೆಚ್ಚುಕಡಿಮೆ ನೆಮ್ಮದಿಯಿಂದಿರುತ್ತಾರೆ.

ಹಾಗಾದರೆ ಯಾರೂ ಕೊಳ್ಳಲೇಬಾರದೆ? ಕೊಳ್ಳಬೇಕಾದವರು ಇದ್ದಾರೆ. ಮೂರು ವರ್ಷದ ಅಂತರದ ಇಬ್ಬರು ಮಕ್ಕಳಿದ್ದು ಇಬ್ಬರೂ ಒಂದೇ ಊರಿನಲ್ಲಿ ಓದುವುದು ಖಚಿತವಾದರೆ ನಾಲ್ಕು ವರ್ಷ ಏಳಾಗುತ್ತದೆ, ನೋಂದಣಿ ಖರ್ಚು ಹಂಚಿಹೋಗುತ್ತದೆ. ಅಮ್ಮನೂ ಜೊತೆಗೆ ಬಂದು ಇರುವುದಾದರೆ, ಅಜ್ಜಿಯ ಡಯಾಲಿಸಿಸ್ಸಿಗೆ ಹೇಗೂ ಬೆಂಗಳೂರಿಗೆ ಓಡಾಡಬೇಕಿದ್ದರೆ, ನಿವೃತ್ತಿಯ ಮೇಲೆ ಇಲ್ಲೇ ನೆಲೆಸುವ ಮನಸ್ಸಿದ್ದರೆ, ಆಗ ಅದು ಸಂಸಾರದ ಮನೆ. ಮಗಳ ಓದು ಅದಕ್ಕೊಂದು ನೆಪ. ಸಾಲವಿಲ್ಲದೆ, ಉಳಿತಾಯದ ಮೂರರಲ್ಲೊಂದು ಪಾಲಿನೊಳಗೆ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆ ಸಿಗುವವರ ಲೆಕ್ಕವೂ ಬೇರೆ. ಮಗಳಿಗೆ ಸೀಟೇ ಸಿಗದೆ ಹೋದರೂ ಈ ಮನೆಯನ್ನು, ಇದೇ ಬೆಲೆಗೆ, ಇದೇ ಬಡಾವಣೆಯಲ್ಲಿ ಕೊಳ್ಳುತ್ತಿದ್ದೆವೆ ಎಂದು ಗಂಡ-ಹೆಂಡತಿ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು. ಹೌದು ಎಂದು ಇಬ್ಬರಿಗೂ ಅನಿಸಿದರೆ ಕೊಳ್ಳಲಿ. ಒಬ್ಬರು ಸುಮ್ಮನಾದರೂ ಚೆಕ್ ಬುಕ್ಕು ಒಳಗೆ ಇರುವುದೇ ವಾಸಿ.

ಕೊಳ್ಳಬೇಕೆಂದುಕೊಂಡ ಕಟ್ಟಡದಲ್ಲೇ ಎಷ್ಟೋ ಸಲ ಮೊದಲ ವರ್ಷಕ್ಕೆ ಬಾಡಿಗೆ ಮನೆ ಸಿಗುತ್ತದೆ. ಹತ್ತು ತಿಂಗಳ ಅಡ್ವಾನ್ಸು ಕೇಳುವ ಹಳೆಯ ಚಾಳಿ ಈಗ ಸಡಿಲವಾಗಿದೆ. ಮಾತಾಡಿದರೆ ನಾಲ್ಕೈದು ತಿಂಗಳಿಗೆ ಇಳಿಯುತ್ತಾರೆ. ಮಗಳು ಇಬ್ಬರು ಸಹಪಾಠಿಗಳೊಂದಿಗೆ ಆಗಸ್ಟಿನಿಂದ ಜುಲೈವರೆಗೆ ಅಲ್ಲಿರಲಿ. ಅಷ್ಟರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿರುತ್ತದೆ. ಟ್ಯಾಂಕರ್ ವಾರಕ್ಕೆ ಎಷ್ಟು ಸಲ ಬರುತ್ತದೆ, ಕರೆಂಟು ಹೋದರೆ ಜನರೇಟರು ಲಿಫ್ಟನ್ನು ಎತ್ತುತ್ತದೆಯೆ, ಕಾಲೇಜಿಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ, ಅಸೋಸಿಯೇಷನ್ನಿನಲ್ಲಿ ಯಾರಿಗೆ ಯಾರ ಜೊತೆ ಜಗಳ, ಎಲ್ಲವೂ ಅವಳಿಗೆ ಗೊತ್ತಿರುತ್ತದೆ. ಬ್ರಾಂಚ್ ಬದಲಿಸಬೇಕೆಂದಿದ್ದಾಳೋ, ಊರಿಗೇ ವಾಪಸು ಬರಬೇಕೆಂದಿದ್ದಾಳೋ, ಅದೂ. ಕೆಳಗೆ ಸೆಕ್ಯೂರಿಟಿಯವರ ಮೇಜಿನ ಹಿಂದಿನ ಬೋರ್ಡಿನಲ್ಲಿ, ಕಳೆದುಹೋದ ಬೆಕ್ಕಿನ ಫೋಟೊ ಮತ್ತು ಡ್ರೈ ಕ್ಲೀನಿಂಗ್ ಅಂಗಡಿಯ ಚೀಟಿಯ ನಡುವೆ, ಕೈಬರಹದ ಇನ್ನೊಂದು ಚೀಟಿ ಇರುತ್ತದೆ: ಐದನೇ ಮಹಡಿ, ಎರಡು ಬೆಡ್‌ರೂಮ್, ಓ.ಸಿ., ಇ-ಖಾತಾ ಎರಡೂ ಇದೆ, ಕಪಾಟುಗಳ ಸಮೇತ ಮಾರಾಟಕ್ಕೆ, ಮಗನ ಓದು ಮುಗಿದಿದೆ.